ರಾಜ ಬಯಲಿಗೆ ಬಂದ ಮೇಲೆ

ಈಗ ಚೆಸ್ ನೋಡೋರು ಮಣೆ ನೋಡೋದಿಲ್ಲ, ಪಕ್ಕದಲ್ಲಿ ಏರಿಳಿಯೋ ಪಟ್ಟಿ ನೋಡ್ತಾರೆ. ಆಟಗಾರ ಒಂದು ಆನೆ ಬಲಿ ಕೊಟ್ಟ ಅಂದ್ಕೊಳ್ಳಿ. ಪಟ್ಟಿ ಕೆಳಗಿಳಿಯುತ್ತೆ, ತಕ್ಷಣ ತೀರ್ಪು ಬರುತ್ತೆ: "ಬ್ಲಂಡರ್." ಯಾಕೆ ಅಂತ ಕೇಳಿದರೆ "ಇಂಜಿನ್ ಹೇಳ್ತಿದೆಯಲ್ಲ" ಅನ್ನೋ ಉತ್ತರ. ನನ್ನ ತಕರಾರು ಇಂಜಿನ್ ಮೇಲಲ್ಲ, ಈ ಉತ್ತರದ ಮೇಲೆ.

ಆ ಅಂಕಿ ಏನು ಅಂತ ಮೊದಲು ತಿಳ್ಕೊಳ್ಳೋಣ. 2022ರ ಸ್ಟಾಕ್‌ಫಿಶ್ 15.1ರಿಂದ +1.00 ಅಂದರೆ ಒಂದು ಕಾಲಾಳು ಹೆಚ್ಚಿದೆ ಅಂತಲ್ಲ. ಅಲ್ಲಿಂದ ಸ್ಟಾಕ್‌ಫಿಶ್ ತನ್ನಷ್ಟೇ ಬಲದ ಸ್ಟಾಕ್‌ಫಿಶ್ ಜೊತೆ ಆಡಿದರೆ ಗೆಲ್ಲುವ ಸಂಭವ ನೂರಕ್ಕೆ 50 ಅಂತ. ಅಂದರೆ ಅದು ಎರಡು ಯಂತ್ರಗಳ ನಡುವಿನ ಲೆಕ್ಕ. ಗಡಿಯಾರ ನೋಡಿ ಬೆವರುವ ಮನುಷ್ಯ ಅದರಲ್ಲಿ ಇಲ್ಲವೇ ಇಲ್ಲ.

ರಾಜ ಕೋಟೆಯೊಳಗೆ ಬೆಚ್ಚಗಿದ್ದರೆ ಇದರಿಂದ ದೊಡ್ಡ ವ್ಯತ್ಯಾಸವಾಗೋದಿಲ್ಲ. ಐದು ನಡೆಗಳಲ್ಲಿ ಯಾವುದಾಡಿದರೂ ನಡೆಯುತ್ತೆ. ಬಯಲಿಗೆ ಬಂದ ರಾಜನಿಗೆ ಆ ಸೌಲಭ್ಯ ಇಲ್ಲ. ಅಲ್ಲಿ 0.00 ಅಂದರೆ ಎಷ್ಟೋ ಸಲ ಇಷ್ಟೇ ಅರ್ಥ: ಒಂದೇ ಒಂದು ಸರಿಯಾದ ನಡೆ ಇದೆ, ಅದಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಯಂತ್ರಕ್ಕೆ ಅದು ಸಮಬಲ. ಮನುಷ್ಯನಿಗೆ ಹಗ್ಗದ ಮೇಲಿನ ನಡಿಗೆ.

1999ರ ಜನವರಿ, ನೆದರ್ಲೆಂಡ್ಸ್‌ನ ವೈಕ್ ಆನ್ ಜೀ. 24ನೇ ನಡೆಯಲ್ಲಿ ಕ್ಯಾಸ್ಪರೋವ್ ಆನೆಯನ್ನು ಟೊಪಲೋವ್ ಮುಂದೆ ಇಟ್ಟರು. ಟೊಪಲೋವ್ ಅದನ್ನು ಮುಟ್ಟದೆ ರಾಜನನ್ನು ಬಿ6ಕ್ಕೆ ಸರಿಸಿದ್ದರೆ ಸೋಲುತ್ತಿರಲಿಲ್ಲ ಅಂತ ಆಮೇಲಿನ ವಿಶ್ಲೇಷಣೆ ತೋರಿಸಿತು. ಅವರು ಆನೆ ಹೊಡೆದರು. ಅಲ್ಲಿಂದ ಕಪ್ಪು ರಾಜನನ್ನು ಮಣೆಯ ಉದ್ದಕ್ಕೂ ಓಡಿಸಿ, ಕೊನೆಗೆ ಆಟದ ಶುರುವಿನಲ್ಲಿ ಬಿಳಿ ರಾಜ ನಿಂತಿದ್ದ ಇ1 ಮನೆಗೇ ತಂದು ನಿಲ್ಲಿಸಿದರು. 44ನೇ ನಡೆಗೆ ಆಟ ಮುಗಿಯಿತು. ಈಗ ಹೇಳಿ, ಆ ಬಲಿ ತಪ್ಪಾ?

ರಾಜ ಹೊರಗೆ ಬಂದ ಅಂದರೆ ಸತ್ತ ಅಂತಲೂ ಅಲ್ಲ. 1991ರಲ್ಲಿ ಟಿಲ್‌ಬರ್ಗ್‌ನಲ್ಲಿ ನೈಜೆಲ್ ಶಾರ್ಟ್, ಟಿಮ್ಮನ್ ವಿರುದ್ಧ ಮಂತ್ರಿಗಳೆಲ್ಲ ಇನ್ನೂ ಮಣೆಯ ಮೇಲಿರುವಾಗಲೇ ರಾಜನನ್ನು ಎಚ್2, ಜಿ3, ಎಫ್4, ಜಿ5 ಅಂತ ನಡೆಸಿಕೊಂಡು ಹೋಗಿ ಗೆದ್ದರು. ಟಿಮ್ಮನ್ ಪಡೆಗೆ ಕೈಕಾಲು ಆಡಿಸಲೂ ಜಾಗ ಇರಲಿಲ್ಲ. ರಾಜ ಎಷ್ಟು ಬಯಲಲ್ಲಿದ್ದಾನೆ ಅನ್ನೋದಕ್ಕಿಂತ ಅವನ ಹತ್ತಿರ ಯಾರು ಬರಬಲ್ಲರು ಅನ್ನೋದು ಮುಖ್ಯ.

ನಮ್ಮ ಕುದುರೆಮುಖ ಹತ್ತೋಕೆ ಬೆಂಗಳೂರಿಂದ ಬರ್ತೀರಲ್ಲ, ಮುಳ್ಳೋಡಿಯಿಂದ ಹೋಗಿಬರೋಕೆ 20 ಕಿಲೋಮೀಟರ್ ಆಸುಪಾಸು ಅಂತ ಫೋನ್ ಹೇಳುತ್ತೆ. ಅದು ಸುಳ್ಳಲ್ಲ. ಆದರೆ ಮಳೆಗೆ ಜಾರುವ ಕಲ್ಲು, ಕಾಲಿಗೆ ಹತ್ತುವ ಉಂಬಳ, ಎದುರಿಗಿನವನೇ ಕಾಣದ ಮಂಜು ಆ ಅಂಕಿಯಲ್ಲಿಲ್ಲ. ಹತ್ತೋನು ನೀವು, ಫೋನ್ ಅಲ್ಲ.

ಹಾಗಂತ ಎಲ್ಲ ಬಲಿಯೂ ಸರಿ ಅಂತ ನಾನು ಹೇಳ್ತಿಲ್ಲ. ಸುಮ್ಮನೆ ಕಾಯಿ ಚೆಲ್ಲೋದು ಶೌರ್ಯ ಅಲ್ಲ. ತಪ್ಪು ಎಲ್ಲಿದೆ ಅಂತ ಇಂಜಿನ್ ತೋರಿಸಿದರೆ ಒಪ್ಪಿಕೊಳ್ಳಬೇಕು. ಆದರೆ ಒಂದು ಪ್ರಶ್ನೆ ನಾವೇ ಕೇಳಬೇಕು: ಎದುರಾಳಿ ಅದನ್ನು ಮಣೆಯ ಮೇಲೆ, ಉಳಿದಿರೋ ಏಳು ನಿಮಿಷದಲ್ಲಿ ಕಂಡುಕೊಳ್ತಿದ್ದನಾ?

ನನಗೆ ನಿಜವಾಗಲೂ ಚಿಂತೆ ಹತ್ತಿಸಿರೋದು ಮಕ್ಕಳು. ರಜೆಗೆ ಕಳಸಕ್ಕೆ ಹೋದಾಗ ಅಲ್ಲಿನ ಹುಡುಗರ ಜೊತೆ ಆಡ್ತೀನಿ. ಕುದುರೆ ಕೊಟ್ಟರೆ ರಾಜನ ಮನೆ ಒಡೆಯುತ್ತೆ ಅಂತ ಅವರಿಗೆ ಕಾಣುತ್ತೆ, ಕೈ ಅಲ್ಲಿವರೆಗೂ ಹೋಗುತ್ತೆ, ಆಮೇಲೆ ಹಿಂದೆ ಬರುತ್ತೆ. "ಆಮೇಲೆ ಹಾಕಿ ನೋಡಿದರೆ ಕೆಂಪು ಬರುತ್ತೆ ಅಣ್ಣ" ಅಂತಾರೆ. ಇನ್ನೂ ಆಡದ ನಡೆಗೆ ಈಗಲೇ ಹೆದರಿಕೆ.

ಆಟ ಮುಗಿದ ಮೇಲೆ ಅರ್ಧ ಗಂಟೆ ಇಂಜಿನ್ ಹಾಕಬೇಡಿ. ಮೊದಲು ಮಣೆ ಜೋಡಿಸಿ, ಸೋತವನನ್ನೇ ಎದುರಿಗೆ ಕೂರಿಸಿಕೊಂಡು ಕೇಳಿ: ನಿನಗೆ ಎಲ್ಲಿ ಉಸಿರು ಕಟ್ಟಿತು? ಅವನು ತೋರಿಸೋ ಮನೆ ಯಾವ ಪಟ್ಟಿಯಲ್ಲೂ ಇರೋದಿಲ್ಲ.