ನಲ್ಲಿ ರಿಪೇರಿಗೂ ಬೇಕು ರಸೀದಿ

ದಿನಸಿ, ಔಷಧಗಳಿಗೆ ತಪ್ಪದೆ ರಸೀದಿ ಪಡೆಯುವ ನಗರದ ಮಧ್ಯಮ ವರ್ಗ, ಮನೆಗೆ ಬಂದ ಪ್ಲಂಬರ್‌ಗೆ ಮಾತ್ರ ಒಂದು ಚೀಟಿಯೂ ಇಲ್ಲದೆ ಸಾವಿರಾರು ರೂಪಾಯಿ ಕೊಟ್ಟು ಕಳುಹಿಸುತ್ತದೆ. ಆಮೇಲೆ ‘ಸುಲಿಗೆ ಮಾಡಿದರು’ ಎಂಬ ದೂರು ನಮ್ಮದು. ‘ಚೌಕಾಸಿ ಮಾಡಿ ಕೂಲಿ ಕಡಿದರು’ ಎಂಬ ದೂರು ಅವರದು. ಎರಡರಲ್ಲಿಯೂ ಸತ್ಯಾಂಶವಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ನೆನಪಾಗುವುದು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ. ಹಳೆಯ ಕಾರಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮಾನತೆ ಪ್ರಾಮಾಣಿಕರನ್ನೇ ಮಾರುಕಟ್ಟೆಯಿಂದ ಹೊರದೂಡುತ್ತದೆ ಎಂಬುದು ಅವರ ವಾದ. ಗೋಡೆಯೊಳಗೆ ಹುದುಗಿದ ಪೈಪಿನ ವಿಷಯದಲ್ಲಿಯೂ ಇದೇ ಸ್ಥಿತಿ. ಯಾವ ದರ್ಜೆಯ ಪೈಪ್ ಹಾಕಿದರು, ವಾಲ್ವ್ ಬದಲಿಸುವುದು ಅಗತ್ಯವಿತ್ತೇ ಎಂಬುದನ್ನು ಪರೀಕ್ಷಿಸುವ ಶಕ್ತಿ ಗೃಹಸ್ಥರಿಗಿಲ್ಲ. ಈ ಅಂತರವನ್ನು ತಕ್ಕಮಟ್ಟಿಗೆ ತಗ್ಗಿಸಬಲ್ಲ ಅಗ್ಗದ ಸಾಧನವೆಂದರೆ ವಿವರವಾದ ಬಿಲ್.

ಆದರೆ ಬಿಲ್ ಏಕೆ ಬರುವುದಿಲ್ಲ ಎಂಬುದಕ್ಕೆ ನಮ್ಮ ನಡವಳಿಕೆಯೂ ಕಾರಣ. ಬಂದು ನೋಡಿ ದೋಷ ಪತ್ತೆ ಮಾಡಿದ್ದಕ್ಕೆ ಹಣ ಕೊಡಲು ನಮಗೆ ಮನಸ್ಸಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಐನೂರು ರೂಪಾಯಿ ಕೂಲಿಯೆಂದರೆ ಹುಬ್ಬೇರಿಸುತ್ತೇವೆ. ಅದೇ ಹಣವನ್ನು ಸಾಮಗ್ರಿಯ ಬೆಲೆಯಲ್ಲಿ ಸೇರಿಸಿದರೆ ಮರುಮಾತಿಲ್ಲದೆ ಕೊಡುತ್ತೇವೆ. ಹಾರ್ಡ್‌ವೇರ್ ಅಂಗಡಿಗಳಿಂದ ಕೆಲವು ಪ್ಲಂಬರ್‌ಗಳಿಗೆ ಸಲ್ಲುವ ಕಮಿಷನ್ನಿನ ಬೇರು ಇಲ್ಲಿದೆ. ಕೌಶಲಕ್ಕೆ ನೇರವಾಗಿ ಸಿಗದ ಬೆಲೆ ಅಡ್ಡದಾರಿಯಲ್ಲಿ ವಸೂಲಾಗುತ್ತದೆ.

ಕಾನೂನಂತೂ ಸ್ಪಷ್ಟವಾಗಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಒದಗಿಸಿದ ಸೇವೆಗೆ ನಿಯಮಾನುಸಾರ ಬಿಲ್ ಅಥವಾ ರಸೀದಿ ನೀಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಇದು ಎಷ್ಟು ಜನರಿಗೆ ತಿಳಿದಿದೆ?

ಬಿಲ್ ಎಂದರೆ ತೆರಿಗೆ ಎಂಬ ಭಯ ಇನ್ನೊಂದು ಅಡ್ಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್‌ಗಳು ಬಂದಾಗ, ಹಲವು ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳೇ ಮಾಯವಾದವು. ವಸ್ತುಸ್ಥಿತಿ ಬೇರೆ. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಅಂದರೆ ತಿಂಗಳಿಗೆ ಸರಾಸರಿ ಒಂದೂವರೆ ಲಕ್ಷ ರೂಪಾಯಿ ದುಡಿಯುವವರೂ ಈ ಮಿತಿಯೊಳಗೇ ಇರುತ್ತಾರೆ. ಅವರು ಸಾದಾ ಬಿಲ್ ಕೊಟ್ಟರೆ ಸಾಕು. ನೋಂದಣಿ ಇಲ್ಲದವರು ‘ಬಿಲ್ ಬೇಕಾದರೆ ಶೇ 18 ಹೆಚ್ಚು’ ಎನ್ನುವಂತೆಯೂ ಇಲ್ಲ. ತೆರಿಗೆ ವಸೂಲು ಮಾಡುವ ಅಧಿಕಾರವೇ ಅವರಿಗಿಲ್ಲ.

ಬಿಲ್ ಪುಸ್ತಕದಿಂದ ಹೆಚ್ಚಿನ ಲಾಭ ಪ್ಲಂಬರ್‌ಗಳಿಗೇ ಎಂಬುದು ನನ್ನ ದೃಢ ಅಭಿಪ್ರಾಯ. ಸಾಲ ಕೇಳಲು ಹೋದಾಗ ಬ್ಯಾಂಕು ವಹಿವಾಟಿನ ದಾಖಲೆ ಕೇಳುತ್ತದೆ. ಇಪ್ಪತ್ತು ವರ್ಷ ದುಡಿದವರ ಬಳಿಯೂ ಒಂದು ಹಾಳೆ ಇರುವುದಿಲ್ಲ. ಕೊನೆಗೆ ಅವರು ಮೊರೆಹೋಗುವುದು ಮೀಟರ್ ಬಡ್ಡಿಯವರನ್ನು. ಬಾಕಿ ಉಳಿಸಿಕೊಂಡ ಗುತ್ತಿಗೆದಾರರಿಂದ ಹಣ ವಸೂಲು ಮಾಡುವುದಕ್ಕೂ ಬಾಯಿಮಾತು ಸಾಲದು.

ಆಗಬೇಕಾದದ್ದು ಕಷ್ಟದ್ದೇನಲ್ಲ. ಕೆಲಸಕ್ಕೆ ಮುಂಚೆ ಬರಹದಲ್ಲಿ ಅಂದಾಜು. ಮುಗಿದ ಮೇಲೆ ಕ್ರಮಸಂಖ್ಯೆ, ದಿನಾಂಕ, ಹೆಸರು, ವಿಳಾಸಗಳಿರುವ ಬಿಲ್. ಅದರಲ್ಲಿ ಭೇಟಿ ಶುಲ್ಕ, ಕೂಲಿ ಮತ್ತು ಸಾಮಗ್ರಿ ಬೇರೆ ಬೇರೆಯಾಗಿರಲಿ. ಅಂಗಡಿಯ ಮೂಲ ಬಿಲ್ಲನ್ನು ಲಗತ್ತಿಸಲಿ. ಸೋರಿಕೆ ಮರುಕಳಿಸಿದರೆ ಎಷ್ಟು ದಿನದೊಳಗೆ ಉಚಿತವಾಗಿ ಸರಿಪಡಿಸುತ್ತಾರೆಂಬ ಒಂದು ಸಾಲೂ ಇರಲಿ. ಅಪಾರ್ಟ್‌ಮೆಂಟ್ ಸಂಘಗಳು ಇದನ್ನು ನಿಯಮವಾಗಿಸಿದರೆ ಉಳಿದವರೂ ಅನುಸರಿಸಿಯಾರು.

ಆದರೆ ಕೂಲಿಯ ಕಾಲಂನಲ್ಲಿ ನ್ಯಾಯವಾದ ಮೊತ್ತ ಕಂಡಾಗ ಅದನ್ನು ಚೌಕಾಸಿಯಿಲ್ಲದೆ ಕೊಡಲು ನಾವು ಸಿದ್ಧರಿರಬೇಕು. ಇಲ್ಲವಾದರೆ ಆ ಮೊತ್ತ ಮತ್ತೆ ಪೈಪಿನ ಬೆಲೆಯೊಳಗೆ ಅಡಗಿಕೊಳ್ಳುತ್ತದೆ.