ಮಾತ್ರೆಯ ಮೇಲಿನ ನಾಲ್ಕು ಆಕ್ಷೇಪಗಳಿಗೆ ಉತ್ತರ

ಗರ್ಭನಿರೋಧಕ ಮಾತ್ರೆಯಿಂದ ಹೆಣ್ಣಿಗೆ ಒಳಿತಿಗಿಂತ ಕೇಡೇ ಹೆಚ್ಚಾಯಿತು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹಾಗೆನ್ನುವವರಲ್ಲಿ ನಿಜವಾದ ಕಾಳಜಿಯುಳ್ಳವರೂ ಇದ್ದಾರೆ. ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

1. 'ಇದು ಪರದೇಶದ ಸರಕು, ನಮ್ಮ ಸಂಸ್ಕೃತಿಗೆ ಒಗ್ಗದು.'

ಅಮೆರಿಕ ಈ ಮಾತ್ರೆಯನ್ನು ಗರ್ಭನಿರೋಧಕವೆಂದು ಒಪ್ಪಿದ್ದು 1960ರಲ್ಲಿ. ಅದಕ್ಕೂ 30 ವರ್ಷ ಮೊದಲೇ, 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಲು ಆದೇಶಿಸಿತ್ತು. ಅಮೆರಿಕದ ಕನೆಕ್ಟಿಕಟ್‌ನಲ್ಲಾದರೋ ಗಂಡ ಹೆಂಡಿರು ಗರ್ಭನಿರೋಧಕ ಬಳಸುವುದು 1965ರವರೆಗೂ ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಇನ್ನು ಹಾರ್ಮೋನೇ ಇಲ್ಲದ 'ಸಹೇಲಿ' ಮಾತ್ರೆ ರೂಪುಗೊಂಡದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ. ಅದೇ ಔಷಧ ಈಗ 'ಛಾಯಾ' ಹೆಸರಿನಲ್ಲಿ ಸರ್ಕಾರಿ ಕುಟುಂಬ ಯೋಜನೆಯಲ್ಲೂ ಇದೆ.

2. 'ಇದು ವಿಷ, ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ.'

ನಮ್ಮೂರಿನ ಆಶಾ ಕಾರ್ಯಕರ್ತೆ ಒಮ್ಮೆ ಜಗಲಿಯ ಮೇಲೆ ಕೂತು ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆಯ ಪಟ್ಟಿ ತೋರಿಸುತ್ತಿದ್ದರು. ಅದರಲ್ಲಿ 21 ಬಿಳಿ, 7 ಕಂದು ಮಾತ್ರೆ. ಪಕ್ಕದ ಮನೆಯ ಹೊಸ ಸೊಸೆ ಮೆಲ್ಲಗೆ ಕೇಳಿದಳು: "ಈ ಕಂದು ಗುಳಿಗೇನೇ ಗರ್ಭಕೋಶ ಒಣಗಿಸೋದಂತೆ, ಹೌದೇನಕ್ಕಾ?" ಆ ಏಳರಲ್ಲಿ ಇರುವುದು ಬರೀ ಕಬ್ಬಿಣಾಂಶ. ಬಿಳಿ ಮಾತ್ರೆ ನಿಲ್ಲಿಸಿದ ಮೇಲೆ ಬಸಿರಾಗಲು ಅಡ್ಡಿಯಿಲ್ಲ.

ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಪರೂಪಕ್ಕೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆದರೆ ಬಸಿರು ಬಾಣಂತನದಲ್ಲಿ ಆ ಅಪಾಯ ಇನ್ನೂ ಹೆಚ್ಚು. ಮಾತ್ರೆ ತೆಗೆದುಕೊಳ್ಳುವಾಗ ಸ್ತನ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಏರುತ್ತದೆ, ಅಂಡಾಶಯದ ಕ್ಯಾನ್ಸರಿನದು ಇಳಿಯುತ್ತದೆ. ಬಿಪಿ ಹೆಚ್ಚಿರುವವರಿಗೆ, 35 ದಾಟಿದ ಧೂಮಪಾನಿಗಳಿಗೆ ಹಾರ್ಮೋನಿನ ಈ ಮಾತ್ರೆ ಸಲ್ಲದು. ಯಾರಿಗೆ ಸಲ್ಲುತ್ತದೆಂದು ನೋಡಿ ಕೊಡಬೇಕು, ಅಷ್ಟೇ.

3. 'ಬಡ ಹೆಂಗಸರ ಮೈಮೇಲೆ ಪ್ರಯೋಗ ಮಾಡಿ ತಂದ ಔಷಧವಿದು.'

ಈ ಮಾತು ಸತ್ಯ. 1956ರಲ್ಲಿ ಪೋರ್ಟೊರಿಕೊದ ಹೆಂಗಸರಿಗೆ ಈ ಮಾತ್ರೆ ಕೊಟ್ಟಾಗ ಅದಿನ್ನೂ ಪ್ರಯೋಗದ ಹಂತದಲ್ಲಿದೆ ಎಂಬುದನ್ನು ತಿಳಿಸಿರಲಿಲ್ಲ. ಅಡ್ಡಪರಿಣಾಮ ವಿಪರೀತವೆಂದು ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಕೊಟ್ಟರೂ ಸಂಶೋಧಕರು ಕಿವಿಗೊಡಲಿಲ್ಲ. ಹಾರ್ಮೋನಿನ ಪ್ರಮಾಣವೂ ಆಗ ಹೆಚ್ಚಿತ್ತು: ಮೊದಲ ಮಾತ್ರೆ ಎನೋವಿಡ್‌ನಲ್ಲಿ ಈಸ್ಟ್ರೊಜೆನ್ 150 ಮೈಕ್ರೊಗ್ರಾಂ ಇತ್ತು. ಇಂದಿನ ಮಾಲಾ-ಎನ್‌ನಲ್ಲಿ ಇರುವುದು 30. ಆ ಅನ್ಯಾಯಕ್ಕೆ ಪ್ರಾಯಶ್ಚಿತ್ತವೆಂದರೆ ಇಂದಿನ ಹೆಣ್ಣಿಗೆ ಎಲ್ಲವನ್ನೂ ಬಿಡಿಸಿ ಹೇಳುವುದು. ಮಾತ್ರೆಯನ್ನೇ ಕಿತ್ತುಕೊಂಡರೆ ಅವಳಿಗೆ ಇನ್ನೊಂದು ಅನ್ಯಾಯವಾದೀತು.

4. 'ಸಂತಾನಹರಣ ಆಪರೇಷನ್ ಇರುವಾಗ ದಿನಾ ನುಂಗುವ ರಗಳೆ ಯಾಕೆ?'

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡವರಲ್ಲಿ 13 ಹೆಂಗಸರು ಸತ್ತರು. ಬೇಕೆಂದವರು ಆಪರೇಷನ್ ಮಾಡಿಸಿಕೊಳ್ಳಲಿ. ಆದರೆ ಎರಡನೇ ಹೆರಿಗೆಗೆ ಇನ್ನೂ ಮೂರು ವರ್ಷ ಬೇಕು ಎನ್ನುವವಳಿಗೆ ಅದು ಏನು ಉಪಯೋಗ? ಶುರುಮಾಡುವುದೂ ನಿಲ್ಲಿಸುವುದೂ ಅವಳ ಕೈಯಲ್ಲೇ ಇರುವ ಸಾಧನ ಅವಳಿಗೆ ಬೇಕು.

ಆ ಹೊಸ ಸೊಸೆಯ ಪ್ರಶ್ನೆಗೆ ಆಶಾ ಕಾರ್ಯಕರ್ತೆ ಎರಡು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಿದರು. ಮಾತ್ರೆಯನ್ನು ವಿರೋಧಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಪ್ರತಿ ಹೆಣ್ಣಿಗೂ ಆ ಎರಡು ನಿಮಿಷದ ಮಾತು, ಒಂದು ಬಿಪಿ ತಪಾಸಣೆ ಸಿಗುವಂತೆ ನಮ್ಮೊಡನೆ ದನಿಗೂಡಿಸಿ. ಆಮೇಲೆ ಬೇಕೋ ಬೇಡವೋ ಅವಳೇ ಹೇಳುತ್ತಾಳೆ.