ಬಾಯಿ ಬಿಡುವಂತಿಲ್ಲದ ಗೆಳೆಯ

ನಾನು ಸುಬೇದಾರನಾಗಿದ್ದಾಗ, ರಜೆ ಮುಗಿದು ಹನ್ನೆರಡು ದಿನ ತಡವಾಗಿ ಬಂದ ಹುಡುಗನೊಬ್ಬನ ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ‘ಆರೋಪಿಯ ಗೆಳೆಯ’ನಾಗಿ ಕುಳಿತಿದ್ದೆ. 1954ರ ಸೇನಾ ನಿಯಮಗಳ ಪ್ರಕಾರ ಈ ಗೆಳೆಯ ಸಲಹೆ ಕೊಡಬಹುದು. ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ವಾದಿಸುವಂತಿಲ್ಲ. ತೀರ್ಪು ಕಮಾಂಡಿಂಗ್ ಆಫೀಸರ್ ಒಬ್ಬರದೇ. ಅವರು ಲೆಫ್ಟಿನೆಂಟ್ ಕರ್ನಲ್ ಆಗಿದ್ದರೆ ಒಂದು ವರ್ಷದವರೆಗೆ ಜೈಲು ವಿಧಿಸಬಹುದು. ತಾಯಿಯ ಆಸ್ಪತ್ರೆ ಚೀಟಿ ಹುಡುಗನ ಜೇಬಿನಲ್ಲೇ ಇತ್ತು. ಹೆದರಿ ತಪ್ಪೊಪ್ಪಿಕೊಂಡುಬಿಟ್ಟ. ಶಾಂತಿಕಾಲದ ಠಾಣೆಯಲ್ಲಿ ಸಿದ್ಧತೆಗೆ ಕನಿಷ್ಠ 96 ಗಂಟೆ ಸಿಗಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಶಿಸ್ತು ಬೇಡವೆನ್ನುತ್ತಿಲ್ಲ, ಇಪ್ಪತ್ತೆಂಟು ವರ್ಷ ಅದರಲ್ಲೇ ಬಾಳಿದವನು ನಾನು. 2007ರ ಕಾಯ್ದೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯನ್ನು ಕೊಟ್ಟಿತು, ನಿಜ. ಆದರೆ ಅದು ಶಿಕ್ಷೆಯಾದ ಮೇಲಿನ ಮಾತು. ಮೊದಲ ವಿಚಾರಣೆಯಲ್ಲೇ ಸೈನಿಕನ ಪರ ವಕೀಲರು ಎದ್ದುನಿಂತು ಮಾತನಾಡಲಿ. ಸಂಸದರೇ, ಗೆಳೆಯನ ಬಾಯಿ ಕಟ್ಟುವ ಆ ನಿಯಮ ಬದಲಿಸಿ.